ಸಂಧಿವಾತದ ಪಾದಕ್ಕೆ ಆಪರೇಷನ್: ಅವ್ವನಿಗೆ ಮಾಡಿಸಬೇಕಾ, ಬೇಡವಾ?

ಪ್ರಶ್ನೆ: ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. ಅವ್ವನಿಗೆ 56 ವರ್ಷ. 14 ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ 15 ಮಿಲಿಗ್ರಾಂ, ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ತಗೊಳ್ತಾರೆ. ಕೈ ಈಗ ಪರವಾಗಿಲ್ಲ. ಆದರೆ ಎರಡೂ ಪಾದದಲ್ಲಿ ಹೆಬ್ಬೆರಳು ಪಕ್ಕಕ್ಕೆ ವಾಲಿದೆ, ಉಳಿದ ಬೆರಳು ಮೇಲೆದ್ದು ಮಡಚಿಕೊಂಡಿವೆ. ಅಂಗಾಲಿನಲ್ಲಿ ಆಣಿ. ನಾಲ್ಕು ಹೆಜ್ಜೆ ಇಟ್ಟರೆ ಕೂತುಬಿಡ್ತಾರೆ. ಹುಬ್ಬಳ್ಳಿಯ ಡಾಕ್ಟರೊಬ್ಬರು ಹೆಬ್ಬೆರಳಿನ ಕೀಲು ಕೂಡಿಸಿ, ಉಳಿದ ಬೆರಳಿಗೆ ತಂತಿ ಹಾಕೋಣ ಅಂದರು. ಊರಲ್ಲಿ ಮಾತ್ರ "ಒಮ್ಮೆ ಕತ್ತರಿ ಹಚ್ಚಿದರೆ ಮುಗೀತು, ಮತ್ತೆ ನಡೆಯೋಕಾಗಲ್ಲ" ಅಂತಾರೆ. ಮಾಡಿಸಬೇಕಾ? ಮಾತ್ರೆ ನಿಲ್ಲಿಸಬೇಕಾ? ನೆಲದ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮತ್ತೆ ಮಾಡಬಹುದಾ?

ಉತ್ತರ: ಅವ್ವನ ಪಾದ ನೋಡದೆ "ಮಾಡಿಸಿ" ಅಂತ ನಾನು ಬರೆಯಲಾರೆ. ಆದರೆ ನೀವು ಹೇಳಿದ್ದನ್ನು ಓದಿದರೆ ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಇಂಥ ಪಾದಕ್ಕೆ ಬಹಳ ಕಾಲದಿಂದ ಮಾಡುತ್ತಾ ಬಂದಿರುವ ಆಪರೇಷನ್ನೇ ಅದು.

ಒಂದು ವಿಷಯ ಮಾತ್ರ ನೀವೂ ಅವ್ವನೂ ಮೊದಲೇ ತಿಳಿದುಕೊಳ್ಳಬೇಕು. ಈ ಆಪರೇಷನ್ ಪಾದವನ್ನು ಮೊದಲಿನ ಹಾಗೆ ಮಾಡುವುದಿಲ್ಲ. ಬೆರಳು ಬಾಗುವುದನ್ನು ಬಿಟ್ಟುಕೊಟ್ಟು, ನೋವಿಲ್ಲದೆ ನಡೆಯುವುದನ್ನು ಪಡೆದುಕೊಳ್ಳುತ್ತೇವೆ, ಅಷ್ಟೇ. ಆಮೇಲೆ ಬೇಸರ ಮಾಡಿಕೊಳ್ಳುವವರಲ್ಲಿ ಬಹಳ ಜನ ಇದನ್ನು ಮುಂಚೆ ಯಾರೂ ಬಿಡಿಸಿ ಹೇಳದೆ ಇದ್ದವರು. ಎಕ್ಸ್‌ರೇಯಲ್ಲಿ ಎಲ್ಲ ಸರಿಯಾಗಿರುತ್ತದೆ, "ಬೆರಳು ಮಡಚೋಕೇ ಬರಲ್ಲ ಸಾರ್" ಅನ್ನುತ್ತಾರೆ. ಮಡಚಬಾರದು ಅಂತಲೇ ಮಾಡಿದ್ದು ಅದು.

ಅವ್ವನ ಪಾದದಲ್ಲಿ ಏನಾಗಿದೆ ಅಂತ ನೋಡೋಣ. ಈ ಕಾಯಿಲೆಯಲ್ಲಿ ಕೀಲಿನ ಒಳಪದರ ಬಾತುಕೊಳ್ಳುತ್ತದೆ. ಬೆರಳು ಪಾದಕ್ಕೆ ಸೇರುವ ಕಡೆ ಇರುವ ಕೀಲುಗಳಲ್ಲಿ ಹೀಗಾದಾಗ, ಕೆಳಗಿನಿಂದ ಬಿಗಿಹಿಡಿದಿರುವ ಗಟ್ಟಿ ಪದರ ನಿಧಾನಕ್ಕೆ ಸಡಿಲವಾಗುತ್ತದೆ. ಪ್ರತಿ ಹೆಜ್ಜೆಗೂ ಬೆರಳು ಸ್ವಲ್ಪ ಸ್ವಲ್ಪ ಮೇಲೆ ಹತ್ತಿ, ಕೊನೆಗೆ ಕೀಲಿನಿಂದಲೇ ಜಾರಿ ಎಲುಬಿನ ಬೆನ್ನ ಮೇಲೆ ಕೂರುತ್ತದೆ. ಎಲುಬಿನ ತಲೆ ಅಂಗಾಲಿನ ಕಡೆಗೆ ಇಳಿಯುತ್ತದೆ. ಅಲ್ಲಿ ಮೆತ್ತೆಯಂತೆ ಇರಬೇಕಾದ ಕೊಬ್ಬು ಬೆರಳಿನ ಜೊತೆ ಮುಂದಕ್ಕೆ ಸರಿದುಹೋಗುತ್ತದೆ. ಈಗ ಎಲುಬಿಗೂ ನೆಲಕ್ಕೂ ನಡುವೆ ಬರೀ ಚರ್ಮ. "ಬರಿಗಾಲಲ್ಲಿ ಜಲ್ಲಿಕಲ್ಲಿನ ಮೇಲೆ ನಡೆದಂಗ ಆಗ್ತದ" ಅಂತ ಇಂಥವರು ಹೇಳುವುದು ಇದಕ್ಕೇ. ಆಣಿ ಇಲ್ಲಿ ಬೇರೆ ರೋಗವಲ್ಲ, ಎಲುಬು ಒತ್ತುತ್ತಿರುವ ಜಾಗದ ಗುರುತು. ಬ್ಲೇಡಿನಿಂದ ಕೆತ್ತಿದರೆ ಎರಡು ವಾರ ಹಗುರ, ಆಮೇಲೆ ಮತ್ತೆ ಅದೇ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ತಗೊಳ್ಳುವವರು ಮನೆಯಲ್ಲಿ ಬ್ಲೇಡ್ ಹಚ್ಚಲೇಬಾರದು, ಗಾಯ ಆದರೆ ಬೇಗ ಮಾಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿಯೂ ಬೇಡ. ಅದರಲ್ಲಿರುವ ಆಸಿಡ್‌ಗೆ ಆಣಿ ಯಾವುದು, ಒಳ್ಳೆ ಚರ್ಮ ಯಾವುದು ಅನ್ನುವ ಭೇದ ಇಲ್ಲ.

"ಕೈ ಈಗ ಪರವಾಗಿಲ್ಲ" ಅಂತ ಬರೆದಿದ್ದೀರಿ. ಅದನ್ನು ಓದಿದಾಗ ನನಗೆ ಒಂದು ಅನುಮಾನ ಬಂತು. ಈ ಕಾಯಿಲೆ ಎಷ್ಟು ಹಿಡಿತದಲ್ಲಿದೆ ಅಂತ ಅಳೆಯಲು ಡಾಕ್ಟರು ಸಾಮಾನ್ಯವಾಗಿ 28 ಕೀಲುಗಳನ್ನು ಒತ್ತಿ ನೋಡುತ್ತಾರೆ. ಭುಜ, ಮೊಣಕೈ, ಮಣಿಕಟ್ಟು, ಕೈಬೆರಳು, ಮೊಣಕಾಲು. ಆ 28ರಲ್ಲಿ ಪಾದದ ಒಂದು ಕೀಲೂ ಇಲ್ಲ! ಅಳತೆಯ ಪ್ರಕಾರ ಕಾಯಿಲೆ ತಣ್ಣಗಿದೆ ಅಂತ ಬರೆದಿರುತ್ತಾರೆ, ಪಾದದ ಒಳಗೆ ಅದು ಉರಿಯುತ್ತಲೇ ಇರಬಹುದು. ಈ ಕಾಯಿಲೆ ಇರುವ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ಹಂತದಲ್ಲಿ ಪಾದದ ತೊಂದರೆ ಬಂದೇ ಬರುತ್ತದೆ. ಕೆಲವರಿಗೆ ಎಕ್ಸ್‌ರೇಯಲ್ಲಿ ಮೊದಲು ಸವೆತ ಕಾಣುವುದೇ ಕಿರುಬೆರಳಿನ ಬುಡದಲ್ಲಿ. ಹಾಗಾಗಿ ಎಲುಬಿನ ಡಾಕ್ಟರ ಹತ್ತಿರ ಹೋಗುವ ಮುಂಚೆ, ಮಾತ್ರೆ ಕೊಡುವ ಡಾಕ್ಟರ ಮುಂದೆ ಅವ್ವ ಚಪ್ಪಲಿ ಬಿಚ್ಚಿ ಪಾದ ತೋರಿಸಲಿ. ಎಡದಿಂದ ಬಲದಿಂದ ಮುಂಪಾದವನ್ನು ಹಿಂಡಿ ಹಿಡಿದಾಗ ಜೀವ ಹೋದಂಗೆ ನೋವಾದರೆ, ಅಥವಾ ಕೀಲು ಬೆಚ್ಚಗಿದ್ದು ಮೆತ್ತಗೆ ಬಾತಿದ್ದರೆ, ಇನ್ನೂ ಉರಿಯೂತ ಇದೆ ಅಂತ ಲೆಕ್ಕ. ಆಗ ಮೊದಲು ಮಾತ್ರೆ ಸರಿಮಾಡಬೇಕು. ಹೊತ್ತಿ ಉರಿಯುತ್ತಿರುವ ಕಾಯಿಲೆಯ ಮೇಲೆ ಆಪರೇಷನ್ ಮಾಡಿದರೆ, ಉಳಿದ ಕೀಲುಗಳು ಮತ್ತೆ ಸೊಟ್ಟಗಾಗಬಹುದು.

ಅಂದಹಾಗೆ, ಮೆಥೊಟ್ರೆಕ್ಸೇಟ್ ಈ ಕಾಯಿಲೆಗೆ ಅಮೆರಿಕದಲ್ಲಿ ಅನುಮತಿ ಪಡೆದದ್ದು 1988ರಲ್ಲಿ. ಅದೂ, ಅದರ ನಂತರದ ಔಷಧಗಳೂ ಬಳಕೆಗೆ ಬಂದ ಮೇಲೆ ಇಂಥ ಪಾದಗಳೇ ಕಡಿಮೆಯಾಗಿವೆ. ಮೊದಲ ಒಂದೆರಡು ವರ್ಷದಲ್ಲೇ ಗಟ್ಟಿ ಚಿಕಿತ್ಸೆ ಸಿಕ್ಕವರಿಗೆ ಆಪರೇಷನ್ ಮಾತೇ ಬರದಿರಬಹುದು.

ಇನ್ನು ಚಪ್ಪಲಿ. ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಅವ್ವನನ್ನು ಬಿಳಿ ಹಾಳೆಯ ಮೇಲೆ ಬರಿಗಾಲಲ್ಲಿ ನಿಲ್ಲಿಸಿ, ಪೆನ್ಸಿಲ್ ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಿರಿ. ಆಮೇಲೆ ಅದರ ಮೇಲೆ ದಿನಾ ಹಾಕುವ ಚಪ್ಪಲಿ ಇಡಿ. ಗೆರೆ ಚಪ್ಪಲಿಯ ಹೊರಗೆ ಕಾಣಿಸಿದರೆ, ಅಂದರೆ ಪಾದ ಚಪ್ಪಲಿಗಿಂತ ಅಗಲ ಇದ್ದರೆ, ಅರ್ಧ ನೋವಿಗೆ ಕಾರಣ ಅಲ್ಲೇ ಇದೆ. ಹೆಬ್ಬೆರಳಿಗೆ ಉಂಗುಷ್ಠ ಇರುವ ಚಪ್ಪಲಿ ಇಂಥ ಪಾದಕ್ಕೆ ಆಗಿಬರುವುದಿಲ್ಲ, ವಾಲಿದ ಬೆರಳನ್ನು ಇನ್ನಷ್ಟು ತಳ್ಳುತ್ತದೆ. ಬೇಕಾಗಿರುವುದು ಮುಂದೆ ಅಗಲ, ಹಿಂದೆ ಪಟ್ಟಿ, ಮೇಲೆ ಬಿಚ್ಚಿ ಹಾಕುವ ಅಂಟುಪಟ್ಟಿ, ಒಳಗೆ ಎಂಸಿಆರ್ ಅನ್ನುವ ಮೆತ್ತನೆಯ ರಬ್ಬರು. ಸಕ್ಕರೆ ಕಾಯಿಲೆಯವರಿಗೆ ಮಾಡಿಕೊಡುವ ಚಪ್ಪಲಿ ಅಂತ ಕೇಳಿದರೆ ಅಂಗಡಿಯವರಿಗೆ ಗೊತ್ತಾಗುತ್ತದೆ. ಒಳಗೆ ಒಂದು ಸಣ್ಣ ಉಬ್ಬು ಮೆತ್ತೆ ಕೂರಿಸಬೇಕು. ಅದನ್ನು ಕೂರಿಸುವ ಜಾಗದಲ್ಲೇ ಬಹಳ ಮಂದಿ ಎಡವುತ್ತಾರೆ. ಮೆತ್ತೆ ನೋಯುವ ಎಲುಬಿನ ಕೆಳಗೆ ಬರಬಾರದು, ಅದರ ಹಿಂದೆ, ಹಿಮ್ಮಡಿಯ ಕಡೆಗೆ ಒಂದು ಬೆರಳಗಲ ಬಿಟ್ಟು ಬರಬೇಕು. ಎಲುಬನ್ನು ಹಿಂದಿನಿಂದ ಎತ್ತಿ ಹಿಡಿದು ಭಾರ ಹಂಚುವುದು ಅದರ ಕೆಲಸ. ನೇರ ಕೆಳಗೆ ಇಟ್ಟರೆ ನೋವು ಜಾಸ್ತಿಯೇ ಆಗುತ್ತದೆ.

ಚರ್ಮ ಗಟ್ಟಿಯಾಗಿದ್ದು ಹುಣ್ಣು ಇಲ್ಲದಿದ್ದರೆ ಎರಡು ಮೂರು ತಿಂಗಳು ಇಂಥ ಚಪ್ಪಲಿ ಹಾಕಿ ನೋಡಿ. ಮನೆಯ ಒಳಗೂ ಹಾಕಬೇಕು. ಒಳಗೆ ಚಪ್ಪಲಿಯೇ ಅಂತ ಅತ್ತೆ ಕಾಲದವರು ಮುಖ ತಿರುಗಿಸುತ್ತಾರೆ, ಗೊತ್ತು. ಒಂದು ಜೊತೆ ಮನೆಗೆಂದೇ ಬೇರೆ ಇಟ್ಟುಬಿಡಿ, ಹೊರಗೆ ಹಾಕಬೇಡಿ. ಸಿದ್ಧಾರೂಢ ಮಠಕ್ಕೋ ವೀರನಾರಾಯಣ ಗುಡಿಗೋ ಹೋದಾಗ ದಪ್ಪ ಕಾಲುಚೀಲ ಹಾಕಿಕೊಂಡು ಹೋಗಲಿ. ಇಷ್ಟರಿಂದಲೇ ಸಲೀಸಾಗಿ ನಡೆಯುವ ಹಾಗಾದರೆ ಆಪರೇಷನ್ ಸದ್ಯಕ್ಕೆ ಬೇಡ. ನೋಡೋಕೆ ಬೆರಳು ಸೊಟ್ಟಗಿದೆ ಅನ್ನುವ ಒಂದೇ ಕಾರಣಕ್ಕೆ ನಾನಂತೂ ಈ ಪಾದಕ್ಕೆ ಕತ್ತರಿ ಹಚ್ಚುವುದಿಲ್ಲ.

ಕಾಯಬಾರದ ಸಂದರ್ಭವೂ ಇದೆ. ಆಣಿಯ ಒಳಗೆ ರಕ್ತದ ಕಪ್ಪು ಕಲೆ ಕಂಡರೆ, ಅದರಿಂದ ನೀರು ಒಸರಿದರೆ, ಬೆರಳಿನ ಗಂಟಿನ ಮೇಲೆ ಚರ್ಮ ಕೆಂಪಾಗಿ ತೆಳ್ಳಗಾದರೆ, ತಿಂಗಳುಗಟ್ಟಲೆ ಚಪ್ಪಲಿ ಪ್ರಯೋಗ ಮಾಡುತ್ತಾ ಕೂರಬೇಡಿ. ಹುಣ್ಣು ಆಗಿ ಕೀವು ಎಲುಬಿಗೆ ಇಳಿದರೆ ಕಥೆಯೇ ಬೇರೆ.

ಇನ್ನೊಂದು ಮಾತು. ಬೆರಳು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಎಲ್ಲರ ಗಮನ ಅಲ್ಲೇ ಹೋಗುತ್ತದೆ. ನಿಜವಾದ ನೋವು ಪಾದದ ಹಿಂಭಾಗದಲ್ಲಿ ಇರಬಹುದು. ಅವ್ವನಿಗೆ ಒಂದೇ ಬೆರಳಿನಿಂದ ನೋವಿನ ಜಾಗ ಮುಟ್ಟಿ ತೋರಿಸಲು ಹೇಳಿ. ಅಂಗಾಲಿನ ಮುಂಭಾಗ ತೋರಿಸಿದರೆ ಮುಂಪಾದದ ಆಪರೇಷನ್ ಸರಿ. ಹರಡಿನ ಕೆಳಗೆ, ಒಳಬದಿಗೆ ಅಥವಾ ಹೊರಬದಿಗೆ ತೋರಿಸಿದರೆ, ಹಿಂದಿನಿಂದ ನೋಡಿದಾಗ ಹಿಮ್ಮಡಿ ಹೊರಕ್ಕೆ ವಾಲಿ ಪಾದ ಚಪ್ಪಟೆಯಾಗಿದ್ದರೆ, ಅಲ್ಲಿನ ಕೀಲುಗಳೂ ಕೆಟ್ಟಿವೆ. ಆಗ ಸಾಮಾನ್ಯವಾಗಿ ಹಿಂದಿನದನ್ನು ಮೊದಲು ಸರಿಮಾಡಿ, ಮುಂದಿನದನ್ನು ಆಮೇಲೆ ನೋಡುತ್ತೇವೆ. ಹಿಮ್ಮಡಿ ವಾಲಿದ್ದರೆ ಪ್ರತಿ ಹೆಜ್ಜೆಯೂ ಹೆಬ್ಬೆರಳನ್ನು ಮತ್ತೆ ಪಕ್ಕಕ್ಕೆ ತಳ್ಳುತ್ತದಲ್ವಾ? ಇದನ್ನು ತೀರ್ಮಾನಿಸಲು ನಿಂತುಕೊಂಡು ತೆಗೆದ ಎಕ್ಸ್‌ರೇ ಬೇಕು. ಮಲಗಿಸಿ ತೆಗೆದ ಚಿತ್ರದಲ್ಲಿ ಭಾರ ಬಿದ್ದಾಗಿನ ಸೊಟ್ಟ ಕಾಣುವುದೇ ಇಲ್ಲ. ಎಕ್ಸ್‌ರೇ ಕೋಣೆಯಲ್ಲಿ ನೀವೇ ನೆನಪಿಸಿ.

ಈಗ ಆಪರೇಷನ್. ನಡುವಿನಿಂದ ಕೆಳಗೆ ಮರಗಟ್ಟಿಸಿ ಅಥವಾ ಹರಡಿನ ಸುತ್ತ ಇಂಜೆಕ್ಷನ್ ಕೊಟ್ಟು ಮಾಡಬಹುದು, ಪೂರ್ತಿ ನಿದ್ದೆ ಬೇಕೆಂದೇನೂ ಇಲ್ಲ. ಹೆಬ್ಬೆರಳಿನ ಬುಡದ ಕೀಲಿನಲ್ಲಿ ಉಳಿದ ಸವೆದ ಮೇಲ್ಪದರವನ್ನು ತೆಗೆದು, ಎರಡು ಎಲುಬಿನ ಹಸಿ ಮುಖಗಳನ್ನು ಕೂಡಿಸಿ, ಸ್ಕ್ರೂ ಅಥವಾ ಪ್ಲೇಟು ಹಾಕಿ ಬಿಗಿಯುತ್ತಾರೆ. ಎಲ್ಲ ನಿಂತಿರುವುದು ಯಾವ ಕೋನದಲ್ಲಿ ಕೂಡಿಸುತ್ತಾರೆ ಅನ್ನುವುದರ ಮೇಲೆ. ನೆಲದಿಂದ 10ರಿಂದ 15 ಡಿಗ್ರಿ ಮೇಲಕ್ಕೆ, ಪಕ್ಕದ ಬೆರಳಿನ ಕಡೆಗೆ ಒಂಚೂರು ವಾಲಿಸಿ ಕೂರಿಸುತ್ತೇವೆ. ಜಾಸ್ತಿ ಮೇಲಾದರೆ ಬೆರಳು ಚಪ್ಪಲಿ ಪಟ್ಟಿಗೆ ಉಜ್ಜುತ್ತದೆ, ಕಡಿಮೆಯಾದರೆ ಪ್ರತಿ ಹೆಜ್ಜೆಗೂ ತುದಿ ನೆಲಕ್ಕೆ ಬಡಿಯುತ್ತದೆ. ಸ್ಕ್ರೂ ಬಿಗಿಯುವ ಮುಂಚೆ ಸಲಕರಣೆ ಡಬ್ಬಿಯ ಚಪ್ಪಟೆ ಮುಚ್ಚಳವನ್ನು ಅಂಗಾಲಿಗೆ ಒತ್ತಿ ಹಿಡಿಯುತ್ತೇವೆ. ರೋಗಿ ಮಲಗಿದ್ದರೂ ಪಾದ ನೆಲದ ಮೇಲೆ ನಿಂತಂತೆ ಆಗುತ್ತದೆ. ಹೆಬ್ಬೆರಳಿನ ತುದಿ ಆ ಮುಚ್ಚಳವನ್ನು ಮುಟ್ಟಿಯೂ ಮುಟ್ಟದಂತೆ ಇರಬೇಕು. ನಮ್ಮ ಕಡೆಯ ಹೆಂಗಸರು ಹಿಮ್ಮಡಿ ಎತ್ತರದ ಚಪ್ಪಲಿ ಹಾಕುವುದಿಲ್ಲ, ಬರಿಗಾಲಲ್ಲೇ ಹೆಚ್ಚು ಓಡಾಡುತ್ತಾರೆ. ಕೋನ ಅದಕ್ಕೆ ಹೊಂದುವಂತೆ ಇರಲಿ ಅಂತ ಡಾಕ್ಟರಿಗೆ ಹೇಳುವುದರಲ್ಲಿ ತಪ್ಪಿಲ್ಲ.

ಉಳಿದ ನಾಲ್ಕು ಬೆರಳಿಗೆ ಎರಡು ದಾರಿ. ಕೀಲು ಪೂರ್ತಿ ಜಾರಿ, ಎಲುಬಿನ ತಲೆ ಸವೆದುಹೋಗಿದ್ದರೆ ಆ ತಲೆಗಳನ್ನೇ ಕತ್ತರಿಸಿ ತೆಗೆಯುತ್ತಾರೆ. ಹಾಫ್‌ಮನ್ ಎಂಬ ಡಾಕ್ಟರು ನೂರು ವರ್ಷಕ್ಕೂ ಹಿಂದೆ ತೋರಿಸಿದ ದಾರಿ ಇದು. ಕೆಳಗೆ ಒತ್ತುತ್ತಿದ್ದ ಎಲುಬೇ ಇಲ್ಲವಾದರೆ ಆಣಿಯೂ ತಾನಾಗಿ ಕರಗುತ್ತದೆ. ನಾಲ್ಕನ್ನೂ ಒಂದು ಕಮಾನಿನ ಗೆರೆಯಲ್ಲಿ ಕತ್ತರಿಸಬೇಕು. ಒಂದು ಉದ್ದ ಉಳಿದರೂ ಭಾರವೆಲ್ಲ ಅದರ ಮೇಲೇ ಬಿದ್ದು, ಹೊಸ ಆಣಿ ಅಲ್ಲೇ ಹುಟ್ಟುತ್ತದೆ. ಎರಡನೆಯದು ಕೀಲು ಉಳಿಸುವ ದಾರಿ. ಎಲುಬಿನ ಕುತ್ತಿಗೆಯನ್ನು ಓರೆಯಾಗಿ ಸೀಳಿ, ಹಿಂದಕ್ಕೆ ಸರಿಸಿ, ಸಣ್ಣ ಸ್ಕ್ರೂ ಹಾಕುವುದು. ಕೀಲು ಇನ್ನೂ ಚೆನ್ನಾಗಿದ್ದು ಕಾಯಿಲೆ ಮಾತ್ರೆಯಲ್ಲಿ ಹಿಡಿತಕ್ಕೆ ಬಂದವರಿಗೆ ಈಗ ಇದನ್ನು ಹೆಚ್ಚು ಮಾಡುತ್ತಿದ್ದಾರೆ. ಯಾವುದು ಅಂತ ಅವ್ವನ ಎಕ್ಸ್‌ರೇ ಹೇಳಬೇಕು. 14 ವರ್ಷದ ಕಾಯಿಲೆ, ಬೆರಳು ಪೂರ್ತಿ ಮೇಲೆ ಹತ್ತಿದೆ ಅಂದರೆ ನನ್ನ ಅಂದಾಜು ಮೊದಲನೆಯ ದಾರಿಯ ಕಡೆಗೆ. ಪಾದ ಸ್ವಲ್ಪ ಗಿಡ್ಡವಾಗುತ್ತದೆ. ಬೆರಳು ನೆಟ್ಟಗಾದರೂ ಮೊದಲಿನ ಬಲ ಇರುವುದಿಲ್ಲ, ಸುಮ್ನೆ ಮುಂದೆ ಇರುತ್ತವೆ ಅಷ್ಟೇ.

ಬೆರಳು ನೆಟ್ಟಗೆ ನಿಲ್ಲಲು ತುದಿಯಿಂದ ಒಳಕ್ಕೆ ತೆಳು ತಂತಿ ತೂರಿಸಿರುತ್ತಾರೆ. ದಪ್ಪ ಒಂದೂವರೆ ಮಿಲಿಮೀಟರ್ ಆಸುಪಾಸು. ಹೊರಗೆ ಒಂದು ಸೆಂಟಿಮೀಟರಿನಷ್ಟು ಚಾಚಿಕೊಂಡು, ತುದಿ ಬಾಗಿಸಿರುತ್ತದೆ. ನಾಲ್ಕರಿಂದ ಆರು ವಾರ ಅದು ಹಾಗೇ ಇರಬೇಕು. ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ. ಅದಕ್ಕಿಂತ ಹೆಚ್ಚಿನ ಭಯ ತಂತಿ ತೆಗೆಯುವ ದಿನದ್ದು. ತೆಗೆಯುವುದು ಹೊರರೋಗಿ ವಿಭಾಗದಲ್ಲೇ, ಇಕ್ಕಳದಲ್ಲಿ ಹಿಡಿದು ನೇರ ಎಳೆಯುವುದು, ಒಂದೊಂದಕ್ಕೂ ಕೆಲವೇ ಸೆಕೆಂಡು. ಜುಮ್ ಅನ್ನುತ್ತದೆ, ಒಂದು ಹನಿ ರಕ್ತ, ಮುಗೀತು.

ಮಾತ್ರೆಯ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಆಪರೇಷನ್ ಅಂದ ಕೂಡಲೇ ಎಲ್ಲ ಮಾತ್ರೆ ನಿಲ್ಲಿಸುವ ಚಾಳಿ ಇದೆ. ಮೆಥೊಟ್ರೆಕ್ಸೇಟ್ ನಿಲ್ಲಿಸಬೇಕಿಲ್ಲ. ನಿಲ್ಲಿಸಿದರೆ ಗಾಯ ಬೇಗ ಮಾಯುವುದೂ ಇಲ್ಲ, ಕಾಯಿಲೆ ಮಾತ್ರ ಕೆರಳಿ ಕೈ, ಮೊಣಕಾಲು ಎಲ್ಲ ಹಿಡಿದುಕೊಂಡು ಅವ್ವನಿಗೆ ವಾಕರ್ ಹಿಡಿಯಲೂ ಆಗದಂತೆ ಆಗುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್ ಕೂಡ ಮುಂದುವರಿಸಬಹುದು. ಅಮೆರಿಕದ ಕೀಲುವಾತ ತಜ್ಞರ ಸಂಘ 2022ರಲ್ಲಿ ಕೊಟ್ಟ ಸೂಚನೆ ಹೀಗೇ ಹೇಳುತ್ತದೆ. ಅದು ಸೊಂಟ ಮತ್ತು ಮೊಣಕಾಲಿನ ಕೀಲು ಬದಲಾವಣೆಗೆ ಬರೆದದ್ದು, ಪಾದಕ್ಕೂ ಅದೇ ಲೆಕ್ಕ ಹಿಡಿಯುತ್ತೇವೆ. ಅದರ ಪ್ರಕಾರ ಟೊಫಾಸಿಟಿನಿಬ್ ಮಾತ್ರೆಯನ್ನು ಕನಿಷ್ಠ 3 ದಿನ ಮುಂಚೆ ನಿಲ್ಲಿಸಬೇಕು. ಬಯಾಲಾಜಿಕ್ ಅನ್ನುವ, ಇದೇ ಕಾಯಿಲೆಗೆ ಕೊಡುವ ಹೊಸ ಬಗೆಯ ಇಂಜೆಕ್ಷನ್ ಇದ್ದರೆ ಒಂದು ಸರದಿ ಬಿಟ್ಟು ಆಪರೇಷನ್ ಮಾಡಿ, ಗಾಯ ಒಣಗಿ ಹೊಲಿಗೆ ಬಿಚ್ಚಿದ ಮೇಲೆ, ಸುಮಾರು ಎರಡು ವಾರಕ್ಕೆ, ಮತ್ತೆ ಶುರು ಮಾಡುತ್ತಾರೆ. ಅವ್ವ ಇವೆರಡನ್ನೂ ತಗೊಳ್ಳುತ್ತಿಲ್ಲ, ಆದ್ದರಿಂದ ಆ ತಲೆಬಿಸಿ ಇಲ್ಲ. ಗಾಯಕ್ಕೆ ಸೋಂಕು ತಗುಲಿದರೆ ಮಾತ್ರ ಮೆಥೊಟ್ರೆಕ್ಸೇಟನ್ನು ಡಾಕ್ಟರು ಕೆಲಕಾಲ ನಿಲ್ಲಿಸಬಹುದು. ಮತ್ತೊಂದು, ಆಸ್ಪತ್ರೆಗೆ ಸೇರಿದಾಗ ಹೊಸ ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ "ವಾರಕ್ಕೊಮ್ಮೆ" ಅಂತಲೇ ಬರೆದಿದೆಯಾ ನೋಡಿ. ತಪ್ಪಿ ದಿನಾ ಕೊಟ್ಟರೆ ಪ್ರಾಣಕ್ಕೇ ಅಪಾಯ.

ಪ್ರೆಡ್ನಿಸೊಲೋನ್ ಒಂದು ದಿನವೂ ತಪ್ಪಿಸಬಾರದು, ಆಪರೇಷನ್ ದಿನ ಕೂಡ. ವರ್ಷಗಟ್ಟಲೆ ತಗೊಂಡ ದೇಹ ತನ್ನ ಸ್ಟೀರಾಯ್ಡನ್ನು ತಾನೇ ಮಾಡಿಕೊಳ್ಳುವುದನ್ನು ಕಡಿಮೆ ಮಾಡಿರುತ್ತದೆ, ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿಯಬಹುದು. ಜೊತೆಗೆ ಯಾರೋ ಕೊಟ್ಟ ವಾತದ ಪುಡಿ, ಹೆಸರಿಲ್ಲದ ಮಾತ್ರೆ ಏನಾದರೂ ತಗೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಎರಡು ದಿನದಲ್ಲಿ ನೋವು ಮಂಗಮಾಯ ಮಾಡುವ ಪುಡಿಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆಸಿರುತ್ತಾರೆ.

ಆಪರೇಷನ್‌ಗೆ ಮುಂಚೆ ಕುತ್ತಿಗೆಯ ಎಕ್ಸ್‌ರೇ ಕೇಳಿದರೆ ಆಶ್ಚರ್ಯಪಡಬೇಡಿ. ಕಾಲಿನ ಆಪರೇಷನ್‌ಗೆ ಕುತ್ತಿಗೆ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಈ ಕಾಯಿಲೆ ಕುತ್ತಿಗೆಯ ಮೊದಲೆರಡು ಎಲುಬಿನ ನಡುವಿನ ಕಟ್ಟನ್ನೂ ಸಡಿಲ ಮಾಡಬಹುದು. ಅರಿವಳಿಕೆ ಕೊಡುವಾಗ ತಲೆಯನ್ನು ಜಾಸ್ತಿ ಬಾಗಿಸಿದರೆ ಬೆನ್ನುಹುರಿಗೆ ಪೆಟ್ಟಾಗುವ ಭಯ. ತಲೆ ಮುಂದಕ್ಕೆ, ಹಿಂದಕ್ಕೆ ಬಾಗಿಸಿ ತೆಗೆದ ಎರಡು ಚಿತ್ರದಲ್ಲಿ ಇದು ಗೊತ್ತಾಗುತ್ತದೆ. ಪಾದದ ನಾಡಿ, ಸಕ್ಕರೆ, ಹಿಮೋಗ್ಲೋಬಿನ್, ವಿಟಮಿನ್ ಡಿ ಇವೆಲ್ಲ ಮಾಮೂಲು. ತಂಬಾಕಿನ ಬಗ್ಗೆ ಮಾತ್ರ ಸ್ವಲ್ಪ ಜೋರಾಗಿ ಹೇಳುತ್ತೇನೆ. ಹೆಂಗಸರನ್ನು "ಬೀಡಿ ಸೇದ್ತೀರಾ" ಅಂತ ಯಾರೂ ಕೇಳುವುದಿಲ್ಲ, ಕೇಳಿದರೂ ಇಲ್ಲ ಅನ್ನುತ್ತಾರೆ, ಅದು ನಿಜವೇ. ಆದರೆ ಎಲೆ ಅಡಿಕೆ ಜೊತೆ ತಂಬಾಕು, ಬೆಳಿಗ್ಗೆ ಹಲ್ಲಿಗೆ ಮಿಸ್ರಿ (ಸುಟ್ಟ ತಂಬಾಕಿನ ಪುಡಿ)? ಅದರ ನಿಕೋಟಿನ್ ಕೂಡ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಎಲುಬು ಕೂಡುವುದನ್ನು ತಡೆಯುತ್ತದೆ. ಕನಿಷ್ಠ ಒಂದು ತಿಂಗಳು ಮುಂಚೆ ಬಿಡಬೇಕು, ಎಲುಬು ಕೂಡುವ ತನಕ ಮತ್ತೆ ಮುಟ್ಟಬಾರದು.

ಕಾಲುಂಗುರದ ಮಾತೂ ಈಗಲೇ ಆಡಿಬಿಡುತ್ತೇನೆ, ಯಾಕಂದರೆ ಆಪರೇಷನ್ ದಿನ ಬೆಳಿಗ್ಗೆ ಅದೇ ದೊಡ್ಡ ಗಲಾಟೆಯಾಗುತ್ತದೆ. ಮಡಚಿದ ಬೆರಳಿನಿಂದ ಉಂಗುರ ಈಚೆ ಬರುವುದಿಲ್ಲ. ಒಂದು ವಾರ ಮುಂಚೆಯೇ ಪತ್ತಾರರ ಹತ್ತಿರ ಹೋಗಿ ಜೋಪಾನವಾಗಿ ಕತ್ತರಿಸಿ ತೆಗೆಸಿ. ಆಪರೇಷನ್ ಆದ ಮೇಲೆ ಬಾವು ಹಲವು ತಿಂಗಳು ಇರುತ್ತದೆ, ಅಲ್ಲಿಯವರೆಗೆ ಆ ಬೆರಳಿಗೆ ಉಂಗುರ ಬೇಡವೇ ಬೇಡ. ಬೇರೆಲ್ಲಿ ಇಟ್ಟುಕೊಳ್ಳಬೇಕು ಅನ್ನುವುದನ್ನು ಮನೆಯ ಹಿರಿಯರೇ ತೀರ್ಮಾನ ಮಾಡಲಿ.

ಆಪರೇಷನ್ ನಂತರದ ಆರು ವಾರ ನಿಜವಾದ ಪರೀಕ್ಷೆ ಮನೆಯವರಿಗೆ. ಮುಂಪಾದದ ಆಪರೇಷನ್ ಆದರೆ ಹಿಮ್ಮಡಿಯ ಮೇಲೆ ಮಾತ್ರ ಭಾರ ಹಾಕುವ ವಿಶೇಷ ಚಪ್ಪಲಿಯಲ್ಲಿ ಕೆಲವೇ ದಿನಕ್ಕೆ ನಡೆಸುತ್ತಾರೆ. ನಡೆಯುವುದು ಅಂದರೆ ಬಚ್ಚಲಿಗೆ, ಊಟಕ್ಕೆ ಅಷ್ಟೇ. ಮೊದಲ ಎರಡು ವಾರ ಬಹುತೇಕ ಹೊತ್ತು ಕಾಲು ಎದೆಯ ಮಟ್ಟಕ್ಕೆ ಎತ್ತಿ ದಿಂಬಿನ ಮೇಲೆ ಇರಬೇಕು. ಹೊಲಿಗೆ ಬಿಚ್ಚಲು ಎರಡರಿಂದ ಮೂರು ವಾರ, ಸ್ಟೀರಾಯ್ಡ್ ತಗೊಳ್ಳುವವರಿಗೆ ಅವಸರ ಮಾಡುವುದಿಲ್ಲ. ಹಿಂಪಾದದ ಕೀಲು ಕೂಡಿಸಿದರೆ ಲೆಕ್ಕ ಬೇರೆ: ಸುಮಾರು ಆರು ವಾರ ನೆಲಕ್ಕೆ ಕಾಲೇ ಊರಬಾರದು, ಪ್ಲಾಸ್ಟರ್ ಒಟ್ಟು ಮೂರು ತಿಂಗಳವರೆಗೂ ಇರಬಹುದು.

ಊರುಗೋಲು ಹಿಡಿಯುವುದು ಇಂಥವರಿಗೆ ಕಷ್ಟ. ಮಣಿಕಟ್ಟು, ಕೈಬೆರಳಿಗೂ ಇದೇ ಕಾಯಿಲೆ ಇರುತ್ತದಲ್ಲ. ಮೊಣಕೈಯಿಂದ ಮುಂಗೈವರೆಗೆ ಇಟ್ಟು ಒರಗಲು ಆಸರೆ ಇರುವ ವಾಕರ್ ಸಿಗುತ್ತದೆ, ಅದನ್ನು ತರಿಸಿ. ಆಪರೇಷನ್‌ಗೆ ಮುಂಚೆ ಮನೆಯಲ್ಲೇ ಎರಡು ದಿನ ಅದರಲ್ಲಿ ಓಡಾಡಿ ನೋಡಲಿ. ಹೊಸ್ತಿಲು ದಾಟುತ್ತದಾ, ಪಡಸಾಲೆಯಿಂದ ಬಚ್ಚಲಿಗೆ ಇಳಿಯುವ ಮೆಟ್ಟಿಲು ಎಷ್ಟಿದೆ ಅನ್ನುವುದು ಆಗಲೇ ಗೊತ್ತಾಗುತ್ತದೆ. ಕಮೋಡ್ ಕುರ್ಚಿ ಬೇಕೇ ಬೇಕು. ತಂತಿ ಇರುವಷ್ಟು ದಿನ ಪಾದಕ್ಕೆ ನೀರು ತಾಕಬಾರದು, ಮಣ್ಣು ತಾಗಲೇಬಾರದು. ನಿಮ್ಮ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ಹೇಗೆ ಮೆತ್ತಿಕೊಳ್ಳುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಮೆಣಸಿನಕಾಯಿ ಸುಗ್ಗಿ ಇಳಿದ ಮೇಲೆ, ಏಪ್ರಿಲ್ ಹೊತ್ತಿಗೆ ಮಾಡಿಸಿದರೆ ಮುಂಗಾರು ಹಿಡಿಯುವಷ್ಟರಲ್ಲಿ ತಂತಿ ಹೊರಬಂದಿರುತ್ತದೆ. ಅದು ತಪ್ಪಿದರೆ ದೀಪಾವಳಿ ಕಳೆಯಲಿ.

ತೊಂದರೆ ಏನೇನು ಆಗಬಹುದು ಅಂತಲೂ ತಿಳಿದಿರಲಿ. ಗಾಯ ತಡವಾಗಿ ಮಾಯುವುದು, ಸೋಂಕು, ಬೆರಳು ಜೋಮು ಹಿಡಿದಂತೆ ಇರುವುದು, ಹೆಬ್ಬೆರಳಿನ ಎಲುಬು ಕೂಡದೇ ಇರುವುದು, ವರ್ಷಗಳ ಮೇಲೆ ಬೆರಳು ಮತ್ತೆ ಏಳುವುದು. ಅಪರೂಪಕ್ಕೆ, ಬಹಳ ವರ್ಷ ಜಾರಿದ್ದ ಬೆರಳನ್ನು ನೆಟ್ಟಗೆ ಎಳೆದಾಗ ಅದರ ರಕ್ತನಾಳ ಬಿಗಿದು ಬೆರಳು ಕಪ್ಪಾಗಬಹುದು. ಮೊದಲ ದಿನ ನರ್ಸ್ ಪದೇ ಪದೇ ಬೆರಳ ತುದಿ ಒತ್ತಿ ಬಣ್ಣ ನೋಡುವುದು ಇದಕ್ಕೇ. ಮನೆಗೆ ಬಂದ ಮೇಲೆ ಬ್ಯಾಂಡೇಜಿನಿಂದ ವಾಸನೆ, ಕೀವು, ಬೆರಳ ಬಣ್ಣ ಬದಲಾಗುವುದು, ಮೀನಖಂಡ ಬಾತು ನೋಯುವುದು ಕಂಡರೆ ಅದೇ ದಿನ ಹೋಗಿ. ಉಸಿರಾಡಲು ಕಷ್ಟವಾದರೆ ಅಥವಾ ಎದೆ ನೋವು ಬಂದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ. ಜ್ವರ ಬರಲಿ ಅಂತಲೂ ಕಾಯಬೇಡಿ, ಸ್ಟೀರಾಯ್ಡ್ ಜ್ವರವನ್ನು ಅಡಗಿಸಿಬಿಡುತ್ತದೆ.

ನೆಲದ ಮೇಲಿನ ಕೆಲಸ. ಹೆಬ್ಬೆರಳು ಕೂಡಿಸಿದ ಪಾದದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಬಹುದು, ಮೊಣಕಾಲು ಒಪ್ಪಿದರೆ. ಪೂರ್ತಿ ಪಾದ ಊರಿ ಕುಕ್ಕರಗಾಲಲ್ಲಿ ಕೂರುವುದೂ ಎಷ್ಟೋ ಮಂದಿಗೆ ಆಗುತ್ತದೆ. ಆಗದೇ ಇರುವುದು ಬೆರಳು ಮಡಚಿ ತುದಿಗಾಲಲ್ಲಿ ಕೂರುವುದು, ಮೊಣಕಾಲೂರಿ ಬೆರಳ ಮೇಲೆ ಭಾರ ಹಾಕಿ ಏಳುವುದು. ಹರಡಿನ ಕೀಲನ್ನೂ ಕೂಡಿಸುವ ಪ್ರಮೇಯ ಬಂದರೆ ಕುಕ್ಕರಗಾಲು ಮರೆತುಬಿಡಬೇಕು. ನನ್ನನ್ನು ಕೇಳಿದರೆ, ಅವ್ವ ತೊಟ್ಟು ಬಿಡಿಸುವ ಕೆಲಸ ಬಿಡಬೇಕಿಲ್ಲ, ನೆಲ ಬಿಡಲಿ. ಸುಮಾರು ಮೊಣಕಾಲೆತ್ತರದ ಸ್ಟೂಲು, ಮುಂದೆ ಅದಕ್ಕೆ ತಕ್ಕ ಎತ್ತರದ ಬುಟ್ಟಿ. ರೊಟ್ಟಿ ಬಡಿಯುವುದಕ್ಕೂ ಕಟ್ಟೆಯ ಮುಂದೆ ಎತ್ತರದ ಸ್ಟೂಲು ಹಾಕಿಕೊಂಡರೆ ಆಯಿತು. ಮೂರು ತಿಂಗಳ ಮುಂಚೆ ಕೆಲಸಕ್ಕೆ ಕಳಿಸಬೇಡಿ. ಬಾವು ಪೂರ್ತಿ ಇಳಿಯಲು ಆರು ತಿಂಗಳೋ ಅದಕ್ಕಿಂತ ಜಾಸ್ತಿಯೋ ಬೇಕು.

ಊರಿನವರ ಮಾತಿಗೆ ಬರುತ್ತೇನೆ. ಅವರು ನೋಡಿರುವುದು ಬಹುಶಃ ಯಾವುದೋ ಕೆಟ್ಟುಹೋದ ಒಂದು ಪಾದವನ್ನು. ಚೆನ್ನಾಗಿ ಆದವರು ಸುಮ್ಮನೆ ನಡೆದು ಹೋಗುತ್ತಾರೆ, ಅವರ ಸುದ್ದಿ ಕಟ್ಟೆಗೆ ಬರುವುದಿಲ್ಲ. ಹೆಬ್ಬೆರಳಿನ ಕೀಲು ಕೂಡಿಸುವುದು ಹತ್ತರಲ್ಲಿ ಒಂಬತ್ತು ಜನರಿಗೆ ಸರಿಯಾಗಿ ಕೂಡಿಕೊಳ್ಳುತ್ತದೆ. ನೋವು ಬಹಳಷ್ಟು ಇಳಿಯುತ್ತದೆ. ಓಡುವುದು, ಬೆಟ್ಟ ಹತ್ತುವುದು ಆಗದಿರಬಹುದು. ಬಸ್ ಸ್ಟ್ಯಾಂಡಿಗೆ ನಡೆದು ಹೋಗುವುದು, ಸಂತೆ ಮಾಡುವುದು ಆಗಬೇಕು.

ಎರಡೂ ಪಾದ ಒಟ್ಟಿಗೆ ಮಾಡುವ ಡಾಕ್ಟರೂ ಇದ್ದಾರೆ, ತಪ್ಪಲ್ಲ. ಹಳ್ಳಿ ಮನೆಗೆ, ಕೈಯಲ್ಲೂ ಬಲವಿಲ್ಲದವರಿಗೆ ನಾನು ಒಂದೊಂದೇ ಅನ್ನುತ್ತೇನೆ. ಹೆಚ್ಚು ನೋಯುವುದು ಮೊದಲು, ಅದು ಗಟ್ಟಿಯಾದ ಮೇಲೆ ಇನ್ನೊಂದು. ಮುಂದೆ ಮೊಣಕಾಲಿನ ಕೀಲು ಬದಲಾಯಿ‌ಸುವ ಯೋಚನೆ ಇದ್ದರೆ ಪಾದದ ಹುಣ್ಣು, ಆಣಿ ಮೊದಲು ಬಗೆಹರಿಯಲಿ. ಪಾದದ ಕೀವು ರಕ್ತದಲ್ಲಿ ಹೋಗಿ ಹೊಸ ಕೀಲಿನಲ್ಲಿ ಕೂತರೆ ಬಹಳ ಫಜೀತಿ.

ದುಡ್ಡಿನ ವಿಷಯಕ್ಕೆ ಬಂದರೆ, ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಬೇಕು, ಹಾವೇರಿ ಜಿಲ್ಲಾ ಆಸ್ಪತ್ರೆಯೋ ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಆಸ್ಪತ್ರೆಯೋ ಆಗಬಹುದು. ಅಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರ ಹತ್ತಿರ ಈ ಆಪರೇಷನ್ ಯಾವ ಪಟ್ಟಿಯಲ್ಲಿ ಬರುತ್ತದೆ, ಪ್ಲೇಟು ಸ್ಕ್ರೂ ಅದರಲ್ಲೇ ಸೇರಿದೆಯಾ ಅಂತ ಕೇಳಿ ಬರೆಸಿಕೊಳ್ಳಿ.

ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಆ ಡಾಕ್ಟರನ್ನು ಇಷ್ಟು ಕೇಳಿ: ಹಿಂಪಾದದ ಕೀಲು ಚೆನ್ನಾಗಿವೆಯಾ? ಸಣ್ಣ ಬೆರಳುಗಳ ಕೀಲು ಉಳಿಸಬಹುದಾ, ತೆಗೆಯಬೇಕಾ? ಮಾತ್ರೆ ಕೊಡುವ ಡಾಕ್ಟರ ಜೊತೆ ಒಮ್ಮೆ ಮಾತಾಡುತ್ತೀರಾ? ಹಳೆಯ ಎಕ್ಸ್‌ರೇ, ಎಲ್ಲ ಮಾತ್ರೆಯ ಪಟ್ಟಿ, ಮತ್ತೆ ಅವ್ವ ದಿನಾ ಹಾಕುವ ಹಳೆಯ ಚಪ್ಪಲಿಯನ್ನು ತೊಳೆಯದೆ ಹಾಗೇ ತಗೊಂಡು ಹೋಗಿ. ಹೊಸದು ಹಾಕಿಸಿ ಕರೆದುಕೊಂಡು ಹೋಗಬೇಡಿ. ಎಲ್ಲಿ ಸವೆದಿದೆ ಅಂತ ನೋಡಿದರೆ ಭಾರ ಎಲ್ಲಿ ಬೀಳುತ್ತಿದೆ ಅನ್ನುವುದು ಡಾಕ್ಟರಿಗೆ ಗೊತ್ತಾಗುತ್ತದೆ.